ಶಾಲೆಯಿಂದ ಬರುವ ಮೊದಲ ಮಾತು

2017ರ ಸೆಪ್ಟೆಂಬರ್ 8, ಶುಕ್ರವಾರ. ದೆಹಲಿಗೆ ಅಂಟಿಕೊಂಡಿರುವ ಗುರುಗ್ರಾಮದ ರಯಾನ್ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಎರಡನೇ ತರಗತಿಯ ಏಳು ವರ್ಷದ ಹುಡುಗನೊಬ್ಬ, ಬೆಳಿಗ್ಗೆ ಶಾಲೆಗೆ ಬಂದ ಸ್ವಲ್ಪ ಹೊತ್ತಿನಲ್ಲೇ, ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ. ಅವನು ಬದುಕಲಿಲ್ಲ. ಅದೇ ದಿನ ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರ್ ಒಬ್ಬರನ್ನು ಬಂಧಿಸಿದರು. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಟಿವಿಗಳು ಸಾರಿದವು. ಭಾನುವಾರದ ಹೊತ್ತಿಗೆ ಶಾಲೆಯ ಮುಂದೆ ಪೋಷಕರು ಸೇರಿದ್ದರು, ಹತ್ತಿರದ ಮದ್ಯದಂಗಡಿಗೆ ಬೆಂಕಿ ಬಿದ್ದಿತ್ತು, ಪೊಲೀಸರ ಲಾಠಿ ಬೀಸಿತ್ತು.

ಎರಡು ತಿಂಗಳ ನಂತರ ಕಥೆಯೇ ಬದಲಾಯಿತು. ತನಿಖೆ ವಹಿಸಿಕೊಂಡಿದ್ದ ಸಿಬಿಐ ನವೆಂಬರ್‌ನಲ್ಲಿ ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ತೆಗೆದುಕೊಂಡಿತು. ಪರೀಕ್ಷೆ ಮತ್ತು ಪೇರೆಂಟ್ಸ್ ಮೀಟಿಂಗ್ ಮುಂದಕ್ಕೆ ಹೋಗಲಿ ಎಂಬುದು ಕಾರಣ ಎಂದು ಸಿಬಿಐ ಹೇಳಿತು. ಕಂಡಕ್ಟರ್‌ಗೆ ಮೊದಲು ಜಾಮೀನು ಸಿಕ್ಕಿತು, 2018ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅವರನ್ನು ಪ್ರಕರಣದಿಂದಲೇ ಕೈಬಿಟ್ಟಿತು. ಅವರನ್ನು ಸುಳ್ಳಾಗಿ ಸಿಕ್ಕಿಸಿದ ಆರೋಪದ ಮೇಲೆ 2021ರಲ್ಲಿ ಹರಿಯಾಣದ ನಾಲ್ವರು ಪೊಲೀಸ್ ಅಧಿಕಾರಿಗಳ ವಿರುದ್ಧ ಸಿಬಿಐ ದೋಷಾರೋಪ ಪಟ್ಟಿ ಸಲ್ಲಿಸಿತು. ಆ ವಿದ್ಯಾರ್ಥಿಯನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2022ರ ಜುಲೈನಲ್ಲಿ, ಅಂದರೆ ಘಟನೆ ನಡೆದು ಸುಮಾರು ಐದು ವರ್ಷಕ್ಕೆ.

ಕೊಂದವರು ಯಾರು ಎಂದು ಕಂಡುಹಿಡಿಯುವುದು ಪೊಲೀಸರ, ನ್ಯಾಯಾಲಯದ ಕೆಲಸ. ನಾನು ಇಲ್ಲಿ ಯೋಚಿಸುತ್ತಿರುವುದು ಬೇರೆಯದೇ ಒಂದು ಸಂಗತಿ. ಇಂತಹ ದಿನ ಒಂದು ಶಾಲೆ ತನ್ನ ಮಕ್ಕಳ ಮನೆಗಳಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು, ಯಾರ ಬಾಯಿಂದ ಹೇಳಬೇಕು? ಗುರುಗ್ರಾಮದ ಪ್ರಕರಣದಿಂದ ಒಂದು ವಿಷಯವಂತೂ ಸ್ಪಷ್ಟ. ಮೊದಲ ದಿನ ಎಲ್ಲರಿಗೂ ಗೊತ್ತಿದ್ದ ಉತ್ತರ ತಪ್ಪಾಗಿತ್ತು. ಆ ಎರಡು ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ‘ಬಸ್ ಅಂಕಲ್ ಹತ್ತಿರ ಹೋಗಬೇಡ’ ಎಂದು ಮಕ್ಕಳಿಗೆ ಹೇಳಿರಬಹುದು, ಯೋಚಿಸಿ.

ನಮ್ಮ ಊರಿನ ಶಾಲೆಗಳಲ್ಲಿ ಹೆಡ್‌ಮಾಸ್ಟರರ ಮನೆ ಗೊತ್ತಿರುತ್ತಿತ್ತು, ಅವರಿಗೆ ನಮ್ಮ ಮನೆ ಗೊತ್ತಿರುತ್ತಿತ್ತು. ಮುಂಬೈ, ಪುಣೆ, ದೆಹಲಿಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮಗೆ ಶಾಲೆ ಎಂದರೆ ಹೆಚ್ಚಾಗಿ ಮೊಬೈಲಿನೊಳಗಿನ ಒಂದು ಆ್ಯಪ್, ಒಂದು ವಾಟ್ಸಾಪ್ ಗ್ರೂಪ್, ತಿಂಗಳಿಗೋ ಎರಡು ತಿಂಗಳಿಗೋ ಹತ್ತು ನಿಮಿಷದ ಮೀಟಿಂಗ್. ದೊಡ್ಡ ಅನಾಹುತದ ಸುದ್ದಿಯೂ ಇದೇ ಸಣ್ಣ ಕಿಂಡಿಯಿಂದಲೇ ನಮ್ಮ ಮನೆಗೆ ಬರಬೇಕು. ಹಾಗಾಗಿ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಮೊದಲು ಆ ಮನೆಗೆ

ಮಗುವನ್ನು ಕಳೆದುಕೊಂಡ ಮನೆಗೆ ಸುದ್ದಿ ಎಲ್ಲರಿಗಿಂತ ಮೊದಲು ತಲುಪಬೇಕು. ಹೇಳುವುದಕ್ಕೆ ಸುಲಭ, ನಡೆಯುವುದು ಕಷ್ಟ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಪುಟ್ಟ ಊರಿನ ಪ್ರಾಥಮಿಕ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ. ದಾಳಿ ನಡೆದದ್ದು ಬೆಳಿಗ್ಗೆ ಒಂಬತ್ತೂವರೆ ದಾಟಿದ ಹೊತ್ತಿಗೆ. ಕೆಲವು ತಂದೆತಾಯಿಗೆ ತಮ್ಮ ಮಗು ಇಲ್ಲ ಎಂದು ತಿಳಿದದ್ದು ಮಧ್ಯಾಹ್ನದ ಊಟದ ಹೊತ್ತೂ ಕಳೆದ ಮೇಲೆ. ಅಷ್ಟು ಗಂಟೆ ಅವರು ಕಾಯುತ್ತಾ ಕೂತಿದ್ದರು. ಮುಂದೆ ತನಿಖೆ ನಡೆಸಿದ ಲಾರ್ಡ್ ಕಲನ್ ತಮ್ಮ ವರದಿಯಲ್ಲಿ ಈ ವಿಳಂಬವನ್ನು ಗಂಭೀರವಾಗಿಯೇ ಎತ್ತಿದರು. ಗುರುತು ಪತ್ತೆ ತಪ್ಪಾಗಬಾರದು ಎಂಬ ಎಚ್ಚರಿಕೆ ಸರಿಯೇ. ಆದರೆ ಕಾಯುತ್ತಿರುವವರಿಗೆ ‘ಇನ್ನೂ ಏಕೆ ತಡ, ಈಗ ಏನು ನಡೆಯುತ್ತಿದೆ’ ಎಂದು ಹೇಳುವವರೇ ಇಲ್ಲದಿದ್ದರೆ ಆ ಎಚ್ಚರಿಕೆಯೇ ಕ್ರೌರ್ಯವಾಗುತ್ತದೆ.

ನಮ್ಮ ಕಡೆಯ ರೂಢಿ ಬೇರೆ. ಊರಿನಿಂದ ಸಾವಿನ ಸುದ್ದಿ ಹೇಗೆ ಬರುತ್ತದೆ ಎಂದು ಹೊರನಾಡಿನಲ್ಲಿ ಇರುವ ಎಲ್ಲರಿಗೂ ಗೊತ್ತು. ‘ಸ್ವಲ್ಪ ಸೀರಿಯಸ್ ಆಗಿದೆ, ಬೇಗ ಹೊರಟು ಬಾ’ ಎನ್ನುತ್ತಾರೆ. ನಮಗೆ ಅರ್ಥವಾಗುತ್ತದೆ, ಅರ್ಥವಾಗದವರಂತೆ ರಾತ್ರಿಯ ಬಸ್ಸು ಹತ್ತುತ್ತೇವೆ. ದಾರಿಯಲ್ಲಿ ಎದೆ ಒಡೆಯದಿರಲಿ ಎಂಬ ಪ್ರೀತಿಯಿಂದ ಹೇಳುವ ಸುಳ್ಳು ಅದು. ಆದರೆ ಬಂಧುಗಳು ಪ್ರೀತಿಯಿಂದ ಹೇಳುವ ಸುಳ್ಳನ್ನು ಒಂದು ಸಂಸ್ಥೆ ಹೇಳಬಾರದು. ‘ಮಗುವಿಗೆ ಸ್ವಲ್ಪ ಪೆಟ್ಟಾಗಿದೆ, ಬನ್ನಿ’ ಎಂದು ಶಾಲೆ ಕರೆದು, ಆಸ್ಪತ್ರೆಯ ಬಾಗಿಲಲ್ಲಿ ಬೇರೆಯದೇ ಕಂಡರೆ, ಆಮೇಲೆ ಆ ಶಾಲೆ ಏನು ಹೇಳಿದರೂ ಆ ತಂದೆತಾಯಿ ನಂಬುವುದಿಲ್ಲ. ನಂಬಬೇಕೆಂದು ಕೇಳುವ ಹಕ್ಕೂ ಶಾಲೆಗೆ ಉಳಿಯುವುದಿಲ್ಲ.

ಸಾವನ್ನು ಖಚಿತಪಡಿಸುವುದು ವೈದ್ಯರ ಕೆಲಸ, ಶಾಲೆಯದ್ದಲ್ಲ. ಫೋನಿನಲ್ಲಿ ಶಾಲೆ ಸತ್ಯವಾಗಿ ಹೇಳಬಹುದಾದದ್ದು ಇಷ್ಟು: ಮಗುವಿಗೆ ತೀವ್ರ ಗಾಯವಾಗಿದೆ, ಇಂತಹ ಆಸ್ಪತ್ರೆಗೆ ಕರೆದೊಯ್ದಿದ್ದೇವೆ, ಜೊತೆಯಲ್ಲಿ ಇಂತಹ ಟೀಚರ್ ಇದ್ದಾರೆ, ಅವರ ನಂಬರ್ ಇದು, ನೀವು ಗಾಡಿ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಬನ್ನಿ. ಈ ಕರೆಯನ್ನು ರಿಸೆಪ್ಷನ್‌ನವರು ಮಾಡಬಾರದು. ಪ್ರಿನ್ಸಿಪಾಲರೋ ಮಗುವಿನ ಕ್ಲಾಸ್ ಟೀಚರೋ ಮಾಡಬೇಕು. ಆಸ್ಪತ್ರೆಯಲ್ಲಿ ಶಾಲೆಯ ಹಿರಿಯರೊಬ್ಬರು ಕೊನೆಯವರೆಗೂ ಇರಬೇಕು. ಅಲ್ಲಿಂದ ಮುಂದೆ ಆ ಮನೆಗೆ ಶಾಲೆಯ ಕಡೆಯಿಂದ ಒಬ್ಬರೇ ಮಾತಾಡಬೇಕು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಎಂದಾದರೆ ಮನೆಯವರು ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಮಿಕ್ಕ ಮನೆಗಳಿಗೆ

ಆ ಮನೆಗೆ ತಿಳಿಸಿದ ತಕ್ಷಣ ಉಳಿದ ಪೋಷಕರಿಗೆ ಹೇಳಬೇಕು. ಶಾಲೆಗಳು ಎಡವುವುದು ಹೆಚ್ಚಾಗಿ ಇಲ್ಲಿ. ‘ಪೂರ್ತಿ ವಿವರ ಸಿಗಲಿ, ವಕೀಲರನ್ನು ಕೇಳೋಣ, ಆಡಳಿತ ಮಂಡಳಿ ಒಪ್ಪಲಿ’ ಎಂದು ಕಾಯುತ್ತವೆ. ಅಷ್ಟರಲ್ಲಿ ಗ್ರೂಪಿನಲ್ಲಿ ಮೂವತ್ತು ಬಗೆಯ ಕಥೆ ಓಡಾಡಿರುತ್ತದೆ. ಶಾಲೆಯ ಸುತ್ತೋಲೆ ಸಂಜೆ ಬಂದಾಗ ಅದು ಮೂವತ್ತೊಂದನೆಯ ಕಥೆಯಾಗಿರುತ್ತದೆ.

ನಮ್ಮ ಐಟಿ ಕೆಲಸದಲ್ಲಿ ಇದಕ್ಕೆ ಒಂದು ಸರಳ ಶಿಸ್ತಿದೆ. ಸರ್ವರ್ ಕೆಟ್ಟು ನಿಂತಾಗ ಕಾರಣ ಸಿಗುವವರೆಗೆ ಯಾರೂ ಸುಮ್ಮನಿರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಗ್ರಾಹಕರಿಗೆ ಮೊದಲ ಮೇಲ್ ಹೋಗುತ್ತದೆ: ಏನಾಗಿದೆ, ನಾವು ಏನು ಮಾಡುತ್ತಿದ್ದೇವೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಕಾರಣ ಗೊತ್ತಿಲ್ಲದಿದ್ದರೆ ‘ಪರಿಶೀಲಿಸುತ್ತಿದ್ದೇವೆ’ ಎಂದಷ್ಟೇ. ಹೇಳಿದ ಹೊತ್ತಿಗೆ ಎರಡನೇ ಮೇಲ್ ಹೋಗಲೇಬೇಕು, ಹೊಸದೇನೂ ಇಲ್ಲದಿದ್ದರೂ. ಒಂದು ಮಗುವಿನ ಸಾವಿಗೂ ಕೆಟ್ಟ ಸರ್ವರ್‌ಗೂ ಹೋಲಿಕೆಯೇ ಇಲ್ಲ. ಆದರೆ ಗ್ರಾಹಕನಿಗೆ ತೋರಿಸುವಷ್ಟು ಮರ್ಯಾದೆಯನ್ನು ಒಂದು ಶಾಲೆ ಹೆದರಿದ ತಾಯಿಗೆ ತೋರಿಸಬಾರದೇ?

ಅಂತಹ ಮೊದಲ ಸಂದೇಶ ಹೇಗಿರಬಹುದು? ನಾನೇ ಬರೆದು ನೋಡಿದ ಒಂದು ಮಾದರಿ:

“ಪೋಷಕರೇ, ಇವತ್ತು ಬೆಳಿಗ್ಗೆ ನಮ್ಮ ಶಾಲೆಯ ಆವರಣದಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೆ ಹಲ್ಲೆ ನಡೆದು, ಆ ಮಗು ತೀರಿಕೊಂಡಿದೆ. ಮಗುವಿನ ಮನೆಯವರಿಗೆ ತಿಳಿಸಿದ್ದೇವೆ. ಪೊಲೀಸರು ಶಾಲೆಯಲ್ಲಿದ್ದಾರೆ. ಉಳಿದ ಎಲ್ಲ ಮಕ್ಕಳೂ ತಮ್ಮ ಟೀಚರ್‌ಗಳ ಜೊತೆ ತರಗತಿಗಳಲ್ಲಿದ್ದಾರೆ, ಹಾಜರಿ ತೆಗೆದುಕೊಂಡಿದ್ದೇವೆ. 12 ಗಂಟೆಯಿಂದ ಎರಡನೇ ಗೇಟಿನಲ್ಲಿ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ, ಗುರುತಿನ ಚೀಟಿ ತನ್ನಿ. ಘಟನೆಗೆ ಕಾರಣ ಏನು, ಯಾರು ಎಂಬುದು ತನಿಖೆಯಲ್ಲಿದೆ, ನಾವು ಊಹೆ ಮಾಡುವುದಿಲ್ಲ. ಮುಂದಿನ ಸಂದೇಶ 2 ಗಂಟೆಗೆ. ನಿಮ್ಮ ಮಗುವಿಗೆ ಮನೆಯಲ್ಲಿ ಹೇಗೆ ಹೇಳಬೇಕು ಎಂಬುದನ್ನು ಅದರಲ್ಲಿ ಬರೆಯುತ್ತೇವೆ.”

ಇದರಲ್ಲಿ ಅಲಂಕಾರ ಇಲ್ಲ. ‘ದುರದೃಷ್ಟಕರ ಘಟನೆ’ ಎಂಬ ಮಾತೂ ಇಲ್ಲ, ‘ನಮ್ಮ ಶಾಲೆ ಸುರಕ್ಷತೆಗೆ ಸದಾ ಬದ್ಧ’ ಎಂಬ ಸಾಲೂ ಇಲ್ಲ. ಓದುವವರಿಗೆ ಆ ಕ್ಷಣದಲ್ಲಿ ಬೇಕಾದದ್ದು ಒಂದೇ: ನನ್ನ ಮಗು ಎಲ್ಲಿದೆ, ಯಾರ ಹತ್ತಿರ ಇದೆ.

ಇನ್ನೊಂದು ವಿಷಯ ಭಾಷೆಯದ್ದು. ಈ ಸಂದೇಶ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸಿನಲ್ಲಿ, ಫೋನು ಸೈಲೆಂಟಿನಲ್ಲಿ. ಬಸ್ ಸ್ಟಾಪಿನಿಂದ ಮೊಮ್ಮಗನನ್ನು ಕರೆತರುವುದು ಹಾಸನದಿಂದಲೋ ಧಾರವಾಡದಿಂದಲೋ ಬಂದಿರುವ ಅಜ್ಜಿ. ಅವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಶಾಲೆ ಎಲ್ಲ ಭಾಷೆಯಲ್ಲೂ ಬರೆಯಬೇಕೆಂದು ಬಯಸುವುದು ಸರಿಯಲ್ಲ. ಆದರೆ ಶಾಲೆಯ ದಾಖಲೆಯಲ್ಲಿ ನಮ್ಮಿಬ್ಬರ ನಂಬರ್ ಜೊತೆಗೆ ಮೂರನೆಯದೊಂದು ಇರಬೇಕು. ಹತ್ತಿರದಲ್ಲೇ ಇರುವ, ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲ ಸ್ನೇಹಿತರದ್ದು. ಇದನ್ನು ಈ ವಾರವೇ ಮಾಡಬಹುದು.

ಹೆಸರು ಹೇಳುವುದು, ಹೇಳದಿರುವುದು

‘ಯಾರು ಮಾಡಿದ್ದು’ ಎಂಬ ಪ್ರಶ್ನೆಗೆ ಶಾಲೆ ಉತ್ತರ ಕೊಡದಿದ್ದರೆ ಮುಚ್ಚಿಡುತ್ತಿದೆ ಎಂದು ನಮಗೆ ಸಿಟ್ಟು ಬರುತ್ತದೆ. ಆದರೆ ಇಲ್ಲಿ ಕಾನೂನೂ ಇದೆ, ನ್ಯಾಯವೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಆರೋಪಕ್ಕೆ ಒಳಗಾದ ಮಗುವಾಗಲಿ, ಬಲಿಯಾದ ಮಗುವಾಗಲಿ, ಸಾಕ್ಷಿಯಾದ ಮಗುವಾಗಲಿ, ಅವರ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಯ್ದೆಯ ಮಾತು ಪತ್ರಿಕೆ, ಟಿವಿಗಳಲ್ಲಿಗೇ ನಿಲ್ಲುವುದಿಲ್ಲ, ಸಂವಹನದ ಇತರ ರೂಪಗಳನ್ನೂ ಸೇರಿಸಿದೆ. ‘ಇವನೇ ಆ ಹುಡುಗ’ ಎಂದು ಫೋಟೋ ಹಂಚುವ ಮುನ್ನ ನಾವೂ ಇದನ್ನು ನೆನಪಿಡಬೇಕು.

ಹೆಸರು ಹೊರಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಅಹಮದಾಬಾದ್. 2025ರ ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಯೊಂದರ ಹತ್ತನೇ ತರಗತಿಯ ಹುಡುಗ, ಅದೇ ಶಾಲೆಯ ತನಗಿಂತ ಕಿರಿಯ ವಿದ್ಯಾರ್ಥಿಯೊಬ್ಬನ ಇರಿತಕ್ಕೆ ಬಲಿಯಾದ. ಗಾಯಗೊಂಡ ಹುಡುಗನ ನೆರವಿಗೆ ಶಾಲೆ ತಡಮಾಡಿತು ಎಂಬ ಆರೋಪ ಎದ್ದಿತು. ಮರುದಿನ ಗುಂಪು ಶಾಲೆಗೆ ನುಗ್ಗಿ ಪುಡಿಗಟ್ಟಿತು, ಸಿಬ್ಬಂದಿಯನ್ನು ಹೊಡೆಯಿತು. ಇಬ್ಬರು ಹುಡುಗರ ಜಗಳಕ್ಕೆ ಧರ್ಮದ ಬಣ್ಣವೂ ಬಂತು. ಒಂದು ಮಗುವಿನ ಮನೆಯ ದುಃಖ ಒಂದೇ ದಿನದಲ್ಲಿ ಬೇರೆಯವರ ಕೈಗೆ ಹೋಯಿತು.

ಶಾಲೆ ಹೆಸರು ಹೇಳದೆಯೂ ಸತ್ಯ ಹೇಳಬಹುದು. ‘ಒಬ್ಬರನ್ನು ಪೊಲೀಸರು ವಶಕ್ಕೆ ಪಡೆದಿದ್ದಾರೆ, ಆರೋಪ ಇನ್ನೂ ಸಾಬೀತಾಗಿಲ್ಲ’ ಎಂದರೆ ಸಾಕು. ಗುರುಗ್ರಾಮದ ಕಂಡಕ್ಟರ್ ಆ ಎರಡನೆಯ ಅರ್ಧ ವಾಕ್ಯದ ಬೆಲೆ ಏನೆಂದು ಹೇಳಬಲ್ಲರು.

ಜೊತೆಗೆ ಇನ್ನೊಂದು ಕರ್ತವ್ಯವಿದೆ. ಮೊದಲು ಹೇಳಿದ್ದು ಬದಲಾದರೆ, ಬದಲಾಗಿದೆ ಎಂದೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಕಂಡಕ್ಟರ್ ನಿರಪರಾಧಿ ಎಂದು ತಿಳಿದಾಗ ಸುದ್ದಿಯ ಕಾವು ಆರಿತ್ತು. ಸೆಪ್ಟೆಂಬರ್‌ನಲ್ಲಿ ಹೆದರಿದ ಮಗುವನ್ನು ಫೆಬ್ರುವರಿಯಲ್ಲಿ ಕೂರಿಸಿಕೊಂಡು ‘ಆ ಅಂಕಲ್ ಏನೂ ಮಾಡಿರಲಿಲ್ಲ ಕಣೋ’ ಎಂದು ಹೇಳಬೇಕಾದವರು ದೊಡ್ಡವರೇ ಅಲ್ಲವೇ?

ಮಕ್ಕಳಿಗೆ ಹೇಳುವ ಮಾತು

ಸಹಪಾಠಿಯ ಸಾವನ್ನು ಅಸೆಂಬ್ಲಿಯಲ್ಲಿ ಮೈಕ್ ಹಿಡಿದು ಹೇಳಬಾರದು ಎಂಬುದು ಶಾಲಾ ಮನಶ್ಶಾಸ್ತ್ರಜ್ಞರ ಸಾಮಾನ್ಯ ಸಲಹೆ. ಅಮೆರಿಕದ ಶಾಲೆಗಳು ಇಂತಹ ಅನುಭವಗಳಿಂದ ರೂಪಿಸಿಕೊಂಡ ಕ್ರಮ ಹೀಗಿದೆ: ಮೊದಲು ಎಲ್ಲ ಶಿಕ್ಷಕರಿಗೂ ಹೇಳುವುದು, ಅವರ ಕೈಗೆ ಒಂದೇ ಪುಟದ ಬರಹ ಕೊಡುವುದು, ನಂತರ ಪ್ರತಿ ತರಗತಿಯಲ್ಲೂ ಮಕ್ಕಳಿಗೆ ಪರಿಚಯವಿರುವ ಟೀಚರ್ ಅದೇ ಮಾತನ್ನು ಹೇಳುವುದು, ಅದೇ ದಿನ ಮನೆಗೂ ಪತ್ರ ಕಳಿಸುವುದು. ಎಲ್ಲ ಕೋಣೆಯಲ್ಲೂ ಒಂದೇ ಮಾತು ಎನ್ನುವುದು ಮುಖ್ಯ. ಅಣ್ಣನ ಕ್ಲಾಸಿನಲ್ಲಿ ಒಂದು, ತಂಗಿಯ ಕ್ಲಾಸಿನಲ್ಲಿ ಇನ್ನೊಂದು ಹೇಳಿದರೆ ಮನೆಗೆ ಬರುವ ವ್ಯಾನಿನಲ್ಲೇ ಮಕ್ಕಳು ಅದನ್ನು ಹಿಡಿಯುತ್ತಾರೆ.

ಮನೆಯಲ್ಲಿ ನಮ್ಮ ಕಷ್ಟ ಬೇರೆ. ಕನ್ನಡದಲ್ಲಿ ಸಾವಿಗೆ ಸುತ್ತುಮಾತು ಬಹಳ. ತೀರಿಕೊಂಡ, ಹೋಗಿಬಿಟ್ಟ, ದೇವರ ಪಾದ ಸೇರಿದ, ಕಣ್ಣು ಮುಚ್ಚಿದ. ದೊಡ್ಡವರ ನಡುವೆ ಅದು ಸಂಸ್ಕಾರ. ಐದಾರು ವರ್ಷದ ಮಗುವಿಗೆ ಹಾಗಲ್ಲ. ಸತ್ತವರು ಮರಳಿ ಬರುವುದಿಲ್ಲ ಎಂಬುದೇ ಆ ವಯಸ್ಸಿನ ಮಕ್ಕಳಿಗೆ ಪೂರ್ತಿ ಅರ್ಥವಾಗಿರುವುದಿಲ್ಲ. ‘ಮಲಗಿದ್ದಾನೆ’ ಎಂದರೆ ರಾತ್ರಿ ಮಲಗಲು ಹೆದರುತ್ತದೆ. ‘ದೇವರ ಹತ್ತಿರ ಹೋದ’ ಎಂದರೆ ಯಾವಾಗ ಬರುತ್ತಾನೆ ಎಂದು ಕೇಳುತ್ತದೆ. ‘ಅವನು ಸತ್ತುಹೋದ, ಅವನ ದೇಹ ಕೆಲಸ ಮಾಡುವುದು ನಿಂತಿದೆ, ಇನ್ನು ಬರುವುದಿಲ್ಲ, ನಮಗೆಲ್ಲ ತುಂಬಾ ದುಃಖ ಆಗಿದೆ’ ಎಂದು ಮೆಲ್ಲಗೆ, ನೇರವಾಗಿ ಹೇಳುವುದೇ ಒಳ್ಳೆಯದು. ಹೇಗೆ ಸತ್ತ ಎಂಬ ವಿವರವನ್ನು ಮಗು ಕೇಳಿದಷ್ಟಕ್ಕೇ ಉತ್ತರಿಸಿದರೆ ಸಾಕು. ಟಿವಿ ಆರಿಸಿಡಬೇಕು.

ಮಗು ಊಟ ಬಿಟ್ಟರೆ, ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರಿದರೆ, ವಾರಗಟ್ಟಲೆ ನಿದ್ದೆಗೆಟ್ಟರೆ ಸಹಾಯ ಕೇಳುವುದರಲ್ಲಿ ಸಂಕೋಚ ಬೇಡ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ. ಇದರ ಹೊಣೆ ಹೊತ್ತ ಪ್ರಧಾನ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಭಾಷೆ ಆಯ್ದುಕೊಳ್ಳಬಹುದು, ಕನ್ನಡವೂ ಇದೆ. ಮಕ್ಕಳ ಸಹಾಯವಾಣಿ 1098.

ಸಾಫ್ಟ್‌ವೇರ್‌ಗೆ ಸಾವು ಗೊತ್ತಾಗುವುದಿಲ್ಲ

ಈ ಮಾತನ್ನು ಬಹುಶಃ ನನ್ನ ವೃತ್ತಿಯವರೇ ಹೇಳಬೇಕು. ಇವತ್ತು ಶಾಲೆಯ ಅರ್ಧ ಸಂವಹನ ಮನುಷ್ಯರದ್ದಲ್ಲ. ಹಾಜರಿ ಹಾಕದಿದ್ದರೆ ‘ನಿಮ್ಮ ಮಗು ಇಂದು ಗೈರು’ ಎಂಬ ಎಸ್‌ಎಂಎಸ್ ತಾನಾಗಿ ಹೋಗುತ್ತದೆ. ತಿಂಗಳ ಕೊನೆಗೆ ಫೀಸಿನ ಜ್ಞಾಪನೆ, ತಡವಾದರೆ ದಂಡದ ಲೆಕ್ಕ, ಹುಟ್ಟುಹಬ್ಬಕ್ಕೆ ಬಣ್ಣದ ಬಲೂನಿನ ಶುಭಾಶಯ, ಮಾರ್ಚಿನಲ್ಲಿ ‘ಮುಂದಿನ ತರಗತಿಗೆ ಪ್ರವೇಶ ಖಚಿತಪಡಿಸಿ’. ಯಾರೂ ನಿಲ್ಲಿಸದಿದ್ದರೆ ಇವೆಲ್ಲ ಮಗುವನ್ನು ಕಳೆದುಕೊಂಡ ಮನೆಗೂ ಹೋಗುತ್ತವೆ. ಪ್ರಿನ್ಸಿಪಾಲರು ಎದುರು ಕೂತು ಕಣ್ಣೀರು ಹಾಕಿರಬಹುದು. ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಬಂದ ‘ಗೈರು’ ಸಂದೇಶ ಅದನ್ನೆಲ್ಲ ಅಳಿಸಿಹಾಕುತ್ತದೆ.

ಹಾಗೆಂದು ಮಗುವಿನ ದಾಖಲೆಯನ್ನೇ ತೆಗೆದುಹಾಕುವುದು ಇನ್ನೂ ದೊಡ್ಡ ಗಾಯ. ಆ್ಯಪ್ ತೆರೆದಾಗ ಮಗುವಿನ ಫೋಟೋ, ಡ್ರಾಯಿಂಗ್, ಟೀಚರ್ ಬರೆದ ಒಳ್ಳೆಯ ಮಾತು ಎಲ್ಲ ಮಾಯವಾಗಿದ್ದರೆ? ಮಾಡಬೇಕಾದದ್ದು ಆ ಖಾತೆಯ ಸ್ವಯಂಚಾಲಿತ ಸಂದೇಶಗಳನ್ನೆಲ್ಲ ಆ ದಿನವೇ ನಿಲ್ಲಿಸುವುದು, ದಾಖಲೆಯನ್ನು ಹಾಗೇ ಇಡುವುದು, ಆಮೇಲೆ ಏನು ಬೇಕೆಂದು ಮನೆಯವರನ್ನು ಕೇಳುವುದು. ಶಾಲೆಯ ಬ್ಯಾಗು, ನೋಟ್‌ಬುಕ್, ನೀರಿನ ಬಾಟಲಿಯ ವಿಷಯವೂ ಹೀಗೆಯೇ. ಪೊಲೀಸರು ಬಿಟ್ಟುಕೊಟ್ಟ ಮೇಲೆ ಪ್ಯೂನ್ ಕೈಯಲ್ಲಿ ಕಳಿಸುವ ವಸ್ತುಗಳಲ್ಲ ಅವು. ಯಾವಾಗ ತರಲಿ ಎಂದು ಕೇಳಿ, ಕ್ಲಾಸ್ ಟೀಚರೇ ಕೊಂಡೊಯ್ದು ಕೊಡಬೇಕು.

ಹನ್ನೊಂದನೇ ದಿನದ ನಂತರ

ನಮ್ಮಲ್ಲಿ ಹನ್ನೊಂದು, ಹದಿಮೂರನೇ ದಿನದವರೆಗೆ ಮನೆ ತುಂಬ ಜನ. ಆಮೇಲೆ ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಾರೆ. ಹೊರನಾಡಿನಲ್ಲಿರುವ ಮನೆ ಇನ್ನೂ ಬೇಗ ಖಾಲಿಯಾಗುತ್ತದೆ. ಶಾಲೆಗಳೂ ಆ ಹೊತ್ತಿಗೆ ಸುಮ್ಮನಾಗುತ್ತವೆ, ಅಥವಾ ವಕೀಲರ ಮೂಲಕ ಮಾತ್ರ ಮಾತಾಡುತ್ತವೆ. ಗುರುಗ್ರಾಮದಲ್ಲಿ ಹತ್ತು ದಿನದ ನಂತರ ತೆರೆದ ಶಾಲೆಯನ್ನು ಮತ್ತೆ ಮುಚ್ಚಬೇಕಾಯಿತು, ಸಾಕ್ಷ್ಯ ಹಾಳಾಗುತ್ತದೆ ಎಂಬ ಆತಂಕ ಮಗುವಿನ ಮನೆಯವರಿಗಿತ್ತು. ತರಗತಿ ಯಾವಾಗ ಶುರು, ಆ ಜಾಗವನ್ನು ಏನು ಮಾಡುತ್ತೀರಿ, ಶ್ರದ್ಧಾಂಜಲಿ ಸಭೆ ಬೇಕೋ ಬೇಡವೋ, ವಾರ್ಷಿಕೋತ್ಸವದ ದಿನ ಏನು ಎಂಬ ಪ್ರತಿಯೊಂದನ್ನೂ ಆ ಮನೆಗೆ ಮೊದಲು ತಿಳಿಸಿ ಆಮೇಲೆ ಮಿಕ್ಕವರಿಗೆ ಹೇಳಬೇಕು. ಮಗುವಿನ ಮನೆಯವರು ಶಾಲೆಯ ಮೇಲೆಯೇ ಮೊಕದ್ದಮೆ ಹೂಡಿರಬಹುದು. ಆಗಲೂ ಇದು ಬದಲಾಗಬಾರದು. ನಿಮ್ಮ ಮಗುವನ್ನು ನಾವು ಮರೆತಿಲ್ಲ ಎನ್ನುವುದು ತಪ್ಪೊಪ್ಪಿಗೆಯಲ್ಲ.

ಗುರುಗ್ರಾಮದ ಆ ಮಗುವಿನ ತಂದೆ ಸುಮ್ಮನೆ ಕೂರಲಿಲ್ಲ. ಎಲ್ಲ ಮಕ್ಕಳ ಸುರಕ್ಷತೆಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯದ ನಿರ್ದೇಶನದಂತೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆಗೆ ಯಾರು ಹೊಣೆ ಎಂದು ಅದು ಗುರುತಿಸುತ್ತದೆ. ಆದರೆ ಹೊರಬಂದಾಗ ಅದು ಸಲಹೆಯ ರೂಪದ್ದಾಗಿತ್ತು, ಜಾರಿಗೆ ತರುವುದನ್ನು ರಾಜ್ಯಗಳಿಗೆ ಬಿಡಲಾಗಿತ್ತು. ಅಂದರೆ ನಮ್ಮ ಮಕ್ಕಳ ಶಾಲೆಯಲ್ಲಿ ಏನಿದೆ ಎಂದು ನಾವೇ ಕೇಳದೆ ಗೊತ್ತಾಗುವುದಿಲ್ಲ.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಗಣಿತದ ಅಂಕದ ಮಾತು ಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳೋಣ. ಅನಾಹುತ ನಡೆದರೆ ಪೋಷಕರಿಗೆ ಮೊದಲ ಸಂದೇಶ ಯಾರು ಕಳಿಸುತ್ತಾರೆ, ಅವರು ರಜೆಯಲ್ಲಿದ್ದರೆ ಯಾರು? ನಮ್ಮ ಮೂರನೇ ನಂಬರ್ ನಿಮ್ಮಲ್ಲಿದೆಯೇ? ಮಕ್ಕಳನ್ನು ಯಾವ ಗೇಟಿನಲ್ಲಿ, ಯಾರ ಕೈಗೆ ಕೊಡುತ್ತೀರಿ? ಶಾಲೆಯಲ್ಲಿ ಆಪ್ತಸಮಾಲೋಚಕರು ಇದ್ದಾರೆಯೇ, ವಾರಕ್ಕೆ ಎಷ್ಟು ದಿನ?

ಇಂತಹ ಪ್ರಶ್ನೆ ಕೇಳುವುದು ಅಪಶಕುನ ಎಂದು ಕೆಲವರು ಮುಖ ಸಿಂಡರಿಸಬಹುದು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಶಾಲೆಯ ಗೋಡೆಯ ಮೇಲೆ ತೂಗುತ್ತಿರುವುದನ್ನು ಯಾರೂ ಅಪಶಕುನ ಎನ್ನುವುದಿಲ್ಲ. ಉತ್ತರ ಸಿಗದಿದ್ದರೆ ಬರೆದು ಕೊಡಿ ಎಂದು ಕೇಳೋಣ, ಅದರ ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳೋಣ.